ಮೂಡಲ ಬಾಗಿಲಿನ ಊರಿನಲ್ಲಿ ಒಂದು ಪಡುವಣ ಬಾಗಿಲು

ನಮ್ಮ ಊರಿನ ಹೆಸರಿನಲ್ಲಿಯೇ ಒಂದು ಬಾಗಿಲಿದೆ. ‘ಮೂಡಲ ಬಾಗಿಲು’ ಜನರ ನಾಲಗೆಯ ಮೇಲೆ ಸವೆದು ‘ಮುಳಬಾಗಿಲು’ ಆಯಿತೆಂಬುದನ್ನು ಪ್ರತಿವರ್ಷವೂ ಎಂಟನೆಯ ತರಗತಿಯ ಮಕ್ಕಳಿಗೆ ಹೇಳುತ್ತ ಬಂದವನು ನಾನು. ಮೂರು ದಶಕಗಳಿಗೂ ಮೀರಿ ಸಮಾಜ ವಿಜ್ಞಾನವನ್ನು ಬೋಧಿಸಿದೆ. ಆದರೆ ಬಾಗಿಲೆಂದರೇನು ಎಂಬುದನ್ನು ನಾನು ಸರಿಯಾಗಿ ಯೋಚಿಸಿದ್ದು ನಿವೃತ್ತಿಯ ನಂತರ, ನಮ್ಮ ಮನೆಯ ಕಾರು ಷೆಡ್ಡಿನ ಬಾಗಿಲನ್ನು ಬದಲಾಯಿಸಬೇಕಾಗಿ ಬಂದಾಗ.

ಮೊದಲು ಊರ ಬಾಗಿಲಿನ ವಿಷಯ. ಮೈಸೂರು ಸೀಮೆಯ ಎತ್ತರದ ಬಯಲು ಮುಗಿದು ತಮಿಳು ಮತ್ತು ತೆಲುಗು ನಾಡುಗಳ ಕಡೆಗೆ ನೆಲ ಇಳಿಯತೊಡಗುವ ದಾರಿಯಲ್ಲಿ ನಮ್ಮ ಊರಿದೆ. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಪೂರ್ವದ ಎಲ್ಲೆಯಾಗಿ ಹೇಳುವುದು ಈ ತಾಲ್ಲೂಕಿನ ನಂಗಲಿಯ ಘಟ್ಟವನ್ನು. ವಿಜಯನಗರದ ಕಾಲದಲ್ಲಿ ಇದು ‘ಮುಳುವಾಯಿ ರಾಜ್ಯ’ವೆಂಬ ಪ್ರಾಂತವಾಯಿತು. ಬುಕ್ಕರಾಯನ ಮಗ ಕಂಪಣನು ಇಲ್ಲಿಂದ ಆಳುತ್ತಿದ್ದವನು. ಅವನು ಮಧುರೆಯ ಸುಲ್ತಾನರ ಮೇಲೆ ನಡೆಸಿದ ದಂಡಯಾತ್ರೆಯನ್ನು ಅವನ ಮಡದಿ ಗಂಗಾದೇವಿಯು ‘ಮಧುರಾವಿಜಯಂ’ ಎಂಬ ಸಂಸ್ಕೃತ ಕಾವ್ಯವಾಗಿ ಬರೆದಳು.

ಬಾಗಿಲೆಂದ ಮೇಲೆ ಹೊರಗೆ ಹೋಗುವವರೂ ಉಂಟು, ಒಳಗೆ ಬರುವವರೂ ಉಂಟು. 1768ರ ಅಕ್ಟೋಬರ್ 4ರಂದು ಹೈದರಾಲಿಗೂ ಕರ್ನಲ್ ವುಡ್ಡನ ಇಂಗ್ಲಿಷ್ ಸೈನ್ಯಕ್ಕೂ ಇಲ್ಲಿಯ ಬಂಡೆಗಳ ನಡುವೆಯೇ ಕಾಳಗವಾಯಿತು. 1791ರಲ್ಲಿ ಕಾರ್ನ್‌ವಾಲಿಸನು ಟಿಪ್ಪುವಿನ ಕಣ್ಣು ತಪ್ಪಿಸಿ ಪೂರ್ವದ ಮೊಗಿಲಿ ಘಟ್ಟವನ್ನೇರಿ ಬಂದು, ಕೋಲಾರ ಹೊಸಕೋಟೆಗಳನ್ನು ಹಿಡಿದು ಬೆಂಗಳೂರನ್ನು ಮುತ್ತಿದನು. ಅಲ್ಲಿಯ ಕೋಟೆಯ ದಿಲ್ಲಿ ಬಾಗಿಲಿನ ಭಾರಿ ಮರದ ಕದಗಳನ್ನು ಇಂದಿಗೂ ನೋಡಬಹುದು. ಆ ಮಾರ್ಚ್ 21ರ ರಾತ್ರಿ ಕೋಟೆ ಬಿದ್ದದ್ದು ಫಿರಂಗಿಗಳು ಗೋಡೆಯನ್ನು ಒಡೆದಿದ್ದರಿಂದ. ಕದ ಎಷ್ಟೇ ಗಟ್ಟಿಯಾಗಿದ್ದರೂ ಅದರ ಶಕ್ತಿಗೆ ಒಂದು ಮಿತಿಯಿದೆ ಎಂಬುದಕ್ಕೆ ತರಗತಿಯಲ್ಲಿ ನಾನು ಕೊಡುತ್ತಿದ್ದ ಉದಾಹರಣೆ ಇದು. ನನ್ನ ಮನೆಯ ಬಾಗಿಲಿಗೆ ಇದನ್ನು ಅನ್ವಯಿಸಿಕೊಳ್ಳಬೇಕೆಂದು ಆಗ ತೋಚಿರಲಿಲ್ಲ.

ನಮ್ಮ ಷೆಡ್ಡು ಮೊದಲು ತಾತನವರ ಕಾಲದ ಬಂಡಿ ಕೊಟ್ಟಿಗೆ. ಅದರ ಬಾಗಿಲು ರಸ್ತೆಯ ಕಡೆಗೆ, ಅಂದರೆ ಪಶ್ಚಿಮಕ್ಕೆ. ಹಲಸಿನ ಹಲಗೆಯ ಎರಡು ಕದಗಳು. ಒಂದು ಕದದಲ್ಲಿ ಒಬ್ಬರು ಬಗ್ಗಿ ಹೋಗುವಷ್ಟು ಸಣ್ಣ ದಿಡ್ಡಿ ಬಾಗಿಲು. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಬಡಗಿಯ ಕೆಲಸ ಸರಿಯಿಲ್ಲದೆ ಸಂದು ಬಿಟ್ಟಿದೆಯೆಂದೇ ನಾನು ಬಹುಕಾಲ ಭಾವಿಸಿದ್ದೆ. 1994ರಲ್ಲಿ ಹಳೆಯ ಕಾರೊಂದನ್ನು ಕೊಂಡಾಗ, ‘ಕಾಲಕ್ಕೆ ತಕ್ಕಂತೆ’ ಎಂದುಕೊಂಡು ಆ ಕದಗಳನ್ನು ಹಳೆಮರದ ವ್ಯಾಪಾರಿಗೆ ಮಾರಿ ಕಬ್ಬಿಣದ ರೋಲಿಂಗ್ ಷಟರನ್ನು ಹಾಕಿಸಿದೆ. ಪೇಟೆಯ ಅಂಗಡಿಗಳೆಲ್ಲ ಹಲಗೆ ಬಾಗಿಲುಗಳನ್ನು ತೆಗೆದು ಷಟರು ಹಾಕಿಸಿಕೊಂಡಿದ್ದ ದಿನಗಳವು. ಅಂಗಡಿಯ ಹಲಗೆಗಳ ಮೇಲೆ ಒಂದು, ಎರಡು, ಮೂರು ಎಂದು ಅಂಕಿ ಬರೆದಿರುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಕ್ರಮ ತಪ್ಪಿದರೆ ಅಂಗಡಿ ಮುಚ್ಚುವಂತಿರಲಿಲ್ಲ. ಷಟರು ಆ ತೊಂದರೆಯನ್ನು ಒಂದೇ ಎಳೆತಕ್ಕೆ ನೀಗಿಸಿತು. ಅಂಗಡಿಗೆ ಒಪ್ಪಿದ್ದು ಮನೆಗೂ ಒಪ್ಪುತ್ತದೆಯೇ ಎಂದು ನಾನು ಕೇಳಿಕೊಳ್ಳಲಿಲ್ಲ.

2022ರ ಏಪ್ರಿಲಿನ ಒಂದು ರಾತ್ರಿ, ಸುಮಾರು ಹನ್ನೊಂದು ಗಂಟೆಗೆ, ನನ್ನ ಶ್ರೀಮತಿಗೆ ಎದೆನೋವು ಕಾಣಿಸಿಕೊಂಡಿತು. ಅವರನ್ನು ಜಗಲಿಯಲ್ಲಿ ಕೂರಿಸಿ ಷಟರನ್ನು ಎತ್ತಹೋದರೆ ಅದು ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಅರವತ್ತು ದಾಟಿದ ತೋಳುಗಳಿಗೆ ಅದನ್ನು ಕದಲಿಸಲಾಗಲಿಲ್ಲ. ಪಕ್ಕದ ಮನೆಯ ಹುಡುಗರು ಹಾರೆ ತಂದು ಮೀಟಿ ಎತ್ತುವ ವೇಳೆಗೆ ಇಪ್ಪತ್ತು ನಿಮಿಷಗಳು ಕಳೆದಿದ್ದವು. ಕೋಲಾರದ ಆಸ್ಪತ್ರೆಯನ್ನು ಸಕಾಲಕ್ಕೆ ಮುಟ್ಟಿದೆವು; ದೈವಕೃಪೆಯಿಂದ ಅವರು ಈಗ ಆರೋಗ್ಯವಾಗಿದ್ದಾರೆ. ಆದರೆ ಆ ಇಪ್ಪತ್ತು ನಿಮಿಷಗಳಲ್ಲಿ ಅವರು ಜಗಲಿಯಿಂದ ನನ್ನನ್ನೇ ನೋಡುತ್ತಿದ್ದ ನೋಟ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಬಿಸಿಲಿಗೆ ಕಬ್ಬಿಣ ಹಿಗ್ಗಿ ಸಿಕ್ಕಿಕೊಂಡಿತೆಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ತಿಳಿದೆ. ಮರುವಾರ ಕಾಗದ ಹಿಡಿದು ಲೆಕ್ಕ ಹಾಕಿದೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. ಮೂರು ಮೀಟರ್ ಅಗಲದ ಷಟರು 40 ಡಿಗ್ರಿ ಹೆಚ್ಚು ಕಾದರೂ ಹಿಗ್ಗುವುದು ಒಂದೂವರೆ ಮಿಲಿಮೀಟರಿಗಿಂತ ಕಡಿಮೆ. ಅಷ್ಟಕ್ಕೆ ಇಕ್ಕೆಲದ ಹಳಿಗಳಲ್ಲಿ ಸಾಕಷ್ಟು ಜಾಗವಿತ್ತು. ಅಲ್ಲದೆ ಅದು ಸಿಕ್ಕಿಕೊಂಡದ್ದು ರಾತ್ರಿ ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ಕಬ್ಬಿಣ ತಣ್ಣಗಾಗಿತ್ತು. ಬಿಚ್ಚಿ ನೋಡಿದಾಗ ನಿಜವಾದ ಕಾರಣ ತಿಳಿಯಿತು. ವರ್ಷಗಟ್ಟಲೆ ಇಳಿಬಿಸಿಲಿಗೆ ಒಣಗಿ ಗಟ್ಟಿಯಾದ ಗ್ರೀಸು, ಅದಕ್ಕೆ ಅಂಟಿದ ನಮ್ಮ ಕೆಂಪು ಮಣ್ಣಿನ ಧೂಳು, ಮೇಲಿನ ಕೊಳವೆಯೊಳಗೆ ಮುರಿದಿದ್ದ ಸ್ಪ್ರಿಂಗು. ಷಟರಿನ ಭಾರವನ್ನು ಹೊರುವುದೇ ಆ ಸ್ಪ್ರಿಂಗು. ಅದು ಮುರಿದರೆ ಪೂರ್ತಿ ಭಾರ ಎತ್ತುವವರ ತೋಳಿಗೆ ಬೀಳುತ್ತದೆ. ಬಿಸಿಲಿನ ಪಾಲು ಇದರಲ್ಲಿ ಸ್ವಲ್ಪ, ನನ್ನ ಅಲಕ್ಷ್ಯದ ಪಾಲೇ ಹೆಚ್ಚು.

ಬೆಂಗಳೂರಿನಲ್ಲಿರುವ ಮಗ, “ಅಪ್ಪಾ, ಗುಂಡಿ ಒತ್ತಿದರೆ ಮೇಲೇಳುವ ಬಾಗಿಲು ಹಾಕಿಸಿಬಿಡೋಣ, ಖರ್ಚು ನನಗಿರಲಿ” ಎಂದ. ಅವನ ಕಳಕಳಿ ದೊಡ್ಡದು. ಆದರೂ ಇತಿಹಾಸದ ಮೇಷ್ಟರಾದ್ದರಿಂದ ಆ ಬಾಗಿಲು ಎಲ್ಲಿ, ಯಾಕೆ ಹುಟ್ಟಿತೆಂದು ಹುಡುಕಿದೆ. ಮೋಟಾರು ಕಾರು ಬಂದ ಹೊಸದರಲ್ಲಿ ಎಲ್ಲ ದೇಶಗಳಲ್ಲಿಯೂ ಅದನ್ನು ನಿಲ್ಲಿಸುತ್ತಿದ್ದುದು ಸಾರೋಟಿನ ಮನೆಗಳಲ್ಲಿ. ಅವುಗಳ ಬಾಗಿಲು ನಮ್ಮ ಬಂಡಿ ಕೊಟ್ಟಿಗೆಯದರಂತೆ ಎರಡು ಕದದ್ದು. ಹಿಮ ಬೀಳುವ ನಾಡುಗಳಲ್ಲಿ ಹೊರಕ್ಕೆ ತೆರೆಯುವ ಕದ ಒಂದು ಪೀಡೆ: ಪ್ರತಿ ಮುಂಜಾನೆ ಹಿಮವನ್ನು ಗೋರಿದ ಮೇಲೆಯೇ ಕಾರು ಹೊರಬರಬೇಕು. 1921ರಲ್ಲಿ ಅಮೆರಿಕದ ಸಿ. ಜಿ. ಜಾನ್ಸನ್ ಎಂಬುವರು, ಹಲವು ಪಟ್ಟಿಗಳಾಗಿ ಮಡಿಚಿಕೊಂಡು ಸೂರಿನಡಿಗೆ ಸರಿಯುವ ಬಾಗಿಲನ್ನು ತಂದರು. 1926ರಲ್ಲಿ ಅದಕ್ಕೆ ವಿದ್ಯುತ್ ಯಂತ್ರವೂ ಸೇರಿತು. ಅವರ ಕಷ್ಟಕ್ಕೆ ಅವರು ಕಂಡುಕೊಂಡ ಜಾಣ ಪರಿಹಾರವದು.

ನಮ್ಮ ಕಷ್ಟ ಹಿಮವಲ್ಲ, ಇಳಿಬಿಸಿಲು. ಮುಳಬಾಗಿಲು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಸಜ್ಜದ ನೆರಳು ಬಾಗಿಲನ್ನು ಕಾಯುತ್ತದೆ. ಮೂರು ಗಂಟೆಯ ಮೇಲೆ ಬಿಸಿಲು ಸಜ್ಜದ ಕೆಳಗಿನಿಂದ ನುಗ್ಗಿ ಪಡುವಣ ಬಾಗಿಲಿಗೆ ನೇರವಾಗಿ ಬಡಿಯುತ್ತದೆ. ಉಕ್ಕು ಮರಕ್ಕಿಂತ ನೂರಾರು ಪಟ್ಟು ಸುಲಭವಾಗಿ ಶಾಖವನ್ನು ದಾಟಿಸುತ್ತದೆ. ಹಾಗಾಗಿ ಒಂದು ಪದರದ ಷಟರು ಹಾಕಿದ ಷೆಡ್ಡು ಸಂಜೆಯ ವೇಳೆಗೆ ಒಲೆಯೇ ಆಗುತ್ತದೆ.

ನನ್ನ ಮುಂದೆ ಮೂರು ದಾರಿಗಳಿದ್ದವು. ಹೊಸ ಷಟರು ಎಲ್ಲಕ್ಕಿಂತ ಅಗ್ಗ, ಆದರೆ ಶಾಖ ಹಾಗೆಯೇ ಉಳಿಯುತ್ತದೆ. ಎರಡು ತಗಡುಗಳ ನಡುವೆ ಶಾಖ ತಡೆಯುವ ಫೋಮು ತುಂಬಿದ, ಯಂತ್ರದಿಂದ ಮೇಲೇಳುವ ಬಾಗಿಲು ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಕರೆಂಟು ಹೋದಾಗ ಕೈಯಿಂದ ಬಿಡಿಸಿ ತೆರೆಯುವ ಏರ್ಪಾಡೂ ಅದರಲ್ಲಿರುತ್ತದೆ. ಆದರೆ ಆಗಲೂ ಅದರ ಭಾರವನ್ನು ಹೊರಬೇಕಾದುದು ಸ್ಪ್ರಿಂಗೇ. ಅದು ಸರಿಯಿಲ್ಲದ ದಿನ ನಾವು ಮತ್ತೆ ಹಾರೆ ಹುಡುಕಬೇಕು. ಜೊತೆಗೆ ಅದಕ್ಕೆ ಸೂರಿನಡಿ ಬೇಕಾದ ಎತ್ತರ ನಮ್ಮ ಹಳೆಯ ಕೊಟ್ಟಿಗೆಯಲ್ಲಿರಲಿಲ್ಲ. ಮೂರನೆಯದು ಎರಡು ಕದದ ಬಾಗಿಲು. ಅದರ ಭಾರವನ್ನು ಕೀಲುಗಳು ಹೊರುತ್ತವೆ; ತೆರೆಯುವವರು ತಳ್ಳಿದರೆ ಸಾಕು. ಕದ ತೆರೆದುಕೊಳ್ಳಲು ಮುಂದೆ ಸ್ವಂತ ಜಾಗ ಬೇಕು. ನಮ್ಮಲ್ಲಿ ಎಂಟು ಅಡಿ ಇತ್ತು, ಕದಕ್ಕೆ ಐದು ಅಡಿ ಸಾಕು.

ಕೆಲಸಕ್ಕೆ ಬಂದ ಆಚಾರಿಗಳು ವಯಸ್ಸಾದವರು. ಹಳೆಯ ಬಾಗಿಲಿನ ಸಂದುಗಳ ವಿಷಯ ತೆಗೆದಾಗ ನಕ್ಕು, “ಮೇಷ್ಟ್ರೇ, ಅದು ತಪ್ಪಲ್ಲ. ಮರ ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಸೊರಗುತ್ತೆ. ಸಂದು ಬಿಡದೆ ಬಿಗಿದರೆ ಕದ ಸೊಟ್ಟ ಆಗುತ್ತೆ. ಮತ್ತೆ ಒಳಗಿನ ಎತ್ತುಗಳಿಗೆ ಗಾಳಿ ಬೇಡವೇ?” ಎಂದರು. ಎಪ್ಪತ್ತೆಂಬತ್ತು ವರ್ಷ ಹಿಂದಿನ ಬಡಗಿಯೊಬ್ಬನ ವಿವೇಕವನ್ನು ನಾನು ತೂಕದ ಲೆಕ್ಕದಲ್ಲಿ ಮಾರಿಬಿಟ್ಟಿದ್ದೆ.

ಅವರ ಸಲಹೆಯಂತೆ ಉಕ್ಕಿನ ಚೌಕಟ್ಟಿಗೆ ಚೆನ್ನಾಗಿ ಒಣಗಿದ ಬೇವಿನ ಹಲಗೆಗಳನ್ನು ಸಣ್ಣ ಸಂದು ಬಿಟ್ಟು ಕೂರಿಸಿದೆವು. ಹಲಗೆ ಹಿಗ್ಗಿ ಕುಗ್ಗಲೆಂದು ಬೋಲ್ಟಿನ ತೂತುಗಳನ್ನು ಉದ್ದುದ್ದ ಕೊರೆಸಿದೆವು. ಬಿಸಿಗಾಳಿ ಮೇಲಿನಿಂದ ಹೊರಹೋಗಿ ತಂಪುಗಾಳಿ ಕೆಳಗಿನಿಂದ ಬರಲೆಂದು ಎರಡೂ ಕಡೆ ಓರೆಪಟ್ಟಿಗಳ ಕಿಂಡಿಗಳು. ಹೊರಮೈಗೆ ತಿಳಿಬಣ್ಣ. ಪ್ರತಿ ಕದಕ್ಕೆ ಮೂರು ಕೀಲು. ಚೌಕಟ್ಟನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಗಾರೆ ಗಟ್ಟಿಯಾಗಲು ವಾರ ಬಿಟ್ಟು ಆಮೇಲೆ ಕದ ತೂಗಿಸಿದರು. ಆ ಒಂದು ವಾರದ ಅವಸರವೇ ಅನೇಕರ ಕದಗಳು ಜೋಲುವುದಕ್ಕೆ ಕಾರಣವಂತೆ. ಕೊನೆಯಲ್ಲಿ, ತಾತನವರ ಬಾಗಿಲಿನಲ್ಲಿದ್ದಂತೆಯೇ, ಒಂದು ದಿಡ್ಡಿ ಬಾಗಿಲು. ಮುಂದೆ ರಸ್ತೆಯಂಚಿನಲ್ಲಿ ಒಂದು ಹೊಂಗೆಯ ಸಸಿಯನ್ನೂ ನೆಟ್ಟಿದ್ದೇನೆ. ಇಳಿಬಿಸಿಲಿಗೆ ಅದೇ ನಿಜವಾದ ಸಜ್ಜ.

ಇದು ಎಲ್ಲರಿಗೂ ಒಪ್ಪುವ ಬಾಗಿಲೆಂದು ನಾನು ಹೇಳಲಾರೆ. ಮುಂದೆ ಜಾಗವಿಲ್ಲದ ಮನೆಯವರಿಗೆ ಷಟರೇ ಗತಿ. ಅಂಥವರು ತಿಳಿಬಣ್ಣ ಬಳಿಸಿ, ವರ್ಷಕ್ಕೆರಡು ಬಾರಿ ಹಳಿಯ ಧೂಳು ತೆಗೆಸಿ, ಸ್ಪ್ರಿಂಗನ್ನು ನೋಡಿಸಿದರೆ ಸಾಕು. ಕೊಳ್ಳುವ ಮುನ್ನ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಿಕೊಳ್ಳಿರಿ: ಬಾಗಿಲಿಗೆ ಯಾವ ಹೊತ್ತಿನ ಬಿಸಿಲು ಬೀಳುತ್ತದೆ? ಮನೆಯಲ್ಲಿ ಎಲ್ಲರಿಗಿಂತ ಬಲಹೀನರಾದವರು, ಕರೆಂಟು ಹೋದ ರಾತ್ರಿಯಲ್ಲಿ, ಅದನ್ನು ಒಬ್ಬರೇ ತೆರೆಯಬಲ್ಲರೇ?

ಕೆಲಸ ಮುಗಿದ ಸಂಜೆ ನನ್ನ ಶ್ರೀಮತಿ ಬಂದು ಒಂದು ಕೈಯಿಂದ ಕದವನ್ನು ತಳ್ಳಿ ನೋಡಿದರು. ಅದು ಸದ್ದಿಲ್ಲದೆ ತೆರೆದುಕೊಂಡಿತು. ಅವರು ಏನೂ ಹೇಳಲಿಲ್ಲ. ಮತ್ತೆ ಮುಚ್ಚಿ, ಇನ್ನೊಮ್ಮೆ ತೆರೆದು, ಒಳಗೆ ಕಾಫಿ ಮಾಡಲು ಹೋದರು. ನಮ್ಮ ಊರಿಗೆ ಹಿರಿಯರು ‘ಮೂಡಲ ಗೋಡೆ’ ಎನ್ನದೆ ‘ಮೂಡಲ ಬಾಗಿಲು’ ಎಂದು ಏಕೆ ಹೆಸರಿಟ್ಟರೆಂಬುದು ನನಗೆ ಅಂದು ತಿಳಿಯಿತು.