ದಶಮಾಂಶ ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ: ಸ್ಪ್ರೆಡ್‌ಶೀಟ್ ಗಣನೆಯವರೆಗಿನ ಇತಿಹಾಸ

ಎರಡು ಅಥವಾ ಹೆಚ್ಚಿನ ದಶಮಾಂಶ ಸಂಖ್ಯೆಗಳನ್ನು ಶೇಷವುಳಿಯದಂತೆ ಅಳೆಯಬಲ್ಲ ಅತ್ಯಂತ ದೊಡ್ಡ ಸಂಖ್ಯೆಗೆ ಅವುಗಳ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ಎಂದು ಹೆಸರು. 4.35 ಮೀಟರ್ ಮತ್ತು 1.05 ಮೀಟರ್ ಉದ್ದದ ಎರಡು ಬಟ್ಟೆಗಳನ್ನು ಚೂರೂ ಮಿಗದಂತೆ ಸಮನಾದ ತುಂಡುಗಳಾಗಿ ಕತ್ತರಿಸಬೇಕಾದಲ್ಲಿ ತುಂಡಿನ ಗರಿಷ್ಠ ಉದ್ದ 0.15 ಮೀಟರ್, ಮೊದಲನೆಯದರಿಂದ 29, ಎರಡನೆಯದರಿಂದ 7 ತುಂಡುಗಳು ದೊರೆಯುವುವು.

ಪ್ರಾಚೀನ ಮೂಲ: ಕ್ರಿ.ಪೂ. 300ರ ಸುಮಾರಿನಲ್ಲಿದ್ದ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಏಳನೆಯ ಭಾಗದಲ್ಲಿ ಪೂರ್ಣಸಂಖ್ಯೆಗಳಿಗೂ ಹತ್ತನೆಯ ಭಾಗದಲ್ಲಿ ರೇಖೆಯೇ ಮೊದಲಾದ ಪರಿಮಾಣಗಳಿಗೂ ಈ ವಿಧಾನವನ್ನು ಪ್ರತ್ಯೇಕವಾಗಿ ನಿರೂಪಿಸಿದನು; ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತ, ಉಳಿದ ಶೇಷದಿಂದ ಮತ್ತೆ ಚಿಕ್ಕದನ್ನು ಅಳೆಯುತ್ತ ಹೋದಲ್ಲಿ ಕಡೆಯದಾಗಿ ಉಳಿಯುವ ಶೇಷವೇ ಬೇಕಾದ ಅಳತೆ. ಭಾರತದಲ್ಲಿ ಇದೇ ಪರಸ್ಪರ ಭಾಗಹಾರವು 499ರ ‘ಆರ್ಯಭಟೀಯ’ದಲ್ಲಿ ಅನಿರ್ಧಾರಿತ ಸಮೀಕರಣಗಳನ್ನು ಬಿಡಿಸುವ ಕುಟ್ಟಕ ವಿಧಾನಕ್ಕೆ ಆಧಾರವಾಯಿತು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಛೇದಗಳನ್ನು ಸಮಗೊಳಿಸಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ವೆಂಬ ಹೆಸರಿನಿಂದ ಬಳಸಿದನು.

ದಶಮಾಂಶದ ಪ್ರವೇಶ: 1585ರಲ್ಲಿ ಸೈಮನ್ ಸ್ಟೆವಿನ್ ಪ್ರಕಟಿಸಿದ ಕಿರುಹೊತ್ತಗೆಯು, ವ್ಯವಹಾರದ ಲೆಕ್ಕಗಳೆಲ್ಲವನ್ನೂ ಭಿನ್ನರಾಶಿಗಳ ಹಂಗಿಲ್ಲದೆ ಪೂರ್ಣಾಂಕಗಳಿಂದಲೇ ನಡೆಸಬಹುದೆಂದು ತೋರಿಸಿತು. 4.35ನ್ನು 435 ನೂರರ ಅಂಶಗಳೆಂದು ಭಾವಿಸುವ ಈ ದೃಷ್ಟಿಯೇ ಇಂದಿನ ವಿಧಾನದ ತಿರುಳು. 435ನ್ನು 105ರಿಂದ ಭಾಗಿಸಿದರೆ ಶೇಷ 15. 105ನ್ನು 15 ನಿಶ್ಶೇಷವಾಗಿ ಭಾಗಿಸುವುದರಿಂದ ಉತ್ತರ 15 ನೂರರ ಅಂಶ, ಎಂದರೆ 0.15.

ಸ್ಪ್ರೆಡ್‌ಶೀಟಿನಲ್ಲಿ: 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆ್ಯಪಲ್ II ಯಂತ್ರಕ್ಕಾಗಿ ರಚಿಸಿದ ವಿಸಿಕ್ಯಾಲ್ಕ್‌ನಿಂದ ಸ್ಪ್ರೆಡ್‌ಶೀಟ್ ಎಂಬ ಸಾಧನವು ಜನಬಳಕೆಗೆ ಬಂದಿತು. 1985ರಲ್ಲಿ ಹೊರಬಂದ ಎಕ್ಸೆಲ್‌ನಲ್ಲಿ ಮ.ಸಾ.ಅ. ಕಾಣುವ ಜಿಸಿಡಿ ಎಂಬ ಕ್ರಿಯೆಯು ಬಹುಕಾಲ ಪ್ರತ್ಯೇಕ ಪೂರಕದಲ್ಲಿದ್ದು, 2007ರ ಆವೃತ್ತಿಯಿಂದ ಮೂಲಭಾಗದಲ್ಲೇ ಸೇರಿತು. ಆದರೆ ಅದು ಯೂಕ್ಲಿಡನ ಏಳನೆಯ ಭಾಗವನ್ನಷ್ಟೇ ಬಲ್ಲದು: ಬಿಂದುವಿನ ಮುಂದಿನ ಅಂಕಿಗಳನ್ನು ಕಡಿದುಹಾಕಿ, 4.35 ಮತ್ತು 1.05ಕ್ಕೆ ಬದಲಾಗಿ 4 ಮತ್ತು 1ನ್ನು ತೆಗೆದುಕೊಂಡು ಉತ್ತರ 1 ಎನ್ನುವುದು.

ನೂರರಿಂದ ಗುಣಿಸಿದ ಮಾತ್ರಕ್ಕೆ ತೊಡಕು ತೀರದು. ಗಣಕದ ದ್ವಿಮಾನ ಪದ್ಧತಿಯಲ್ಲಿ 4.35ಕ್ಕೆ ನಿಖರ ರೂಪವಿಲ್ಲವಾಗಿ, ಗುಣಲಬ್ಧವು 435ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗುವುದುಂಟು. ಅದನ್ನು 434 ಎಂದು ಕಡಿದರೆ ಉತ್ತರ 0.15ಕ್ಕೆ ಬದಲಾಗಿ 0.07 ಆಗುವುದು. ಆದುದರಿಂದ ಮೊದಲು ಗುಣಿಸಿ, ಸಮೀಪದ ಪೂರ್ಣಾಂಕಕ್ಕೆ ತಂದು, ಮ.ಸಾ.ಅ. ಕಂಡು, ಕಡೆಗೆ ಅದೇ ನೂರರಿಂದ ಭಾಗಿಸುವುದು ರೂಢಿ (ಎ1, ಬಿ1 ಎಂಬುವು ಆ ಎರಡು ಸಂಖ್ಯೆಗಳಿರುವ ಕೋಶಗಳು):

=ಜಿಸಿಡಿ(ರೌಂಡ್(ಎ1*100,0),ರೌಂಡ್(ಬಿ1*100,0))/100

ಮೂರು ದಶಮಾಂಶ ಸ್ಥಾನಗಳಿದ್ದಲ್ಲಿ 100ರ ಎಡೆಯಲ್ಲಿ 1000 ಬರಬೇಕು.

ಮಿತಿ: ಯಾವ ಸ್ಥಾನದವರೆಗೆ ಎಣಿಸಬೇಕೆಂಬುದನ್ನು ನಿರ್ಣಯಿಸುವವನು ಬಳಕೆದಾರನೇ. ಚೌಕದ ಬಾಹುವೂ ಕರ್ಣವೂ ಸಮಾನ ಅಳತೆಯಿಲ್ಲದವು. ಅವುಗಳ ಪರಸ್ಪರ ಭಾಗಹಾರ ಎಂದಿಗೂ ಮುಗಿಯದು. ಆದರೂ ಬಾಹುವನ್ನು 1 ಎಂದೂ ಕರ್ಣವನ್ನು 1.41 ಎಂದೂ ಬರೆದರೆ ಹಾಳೆಯು 0.01 ಎನ್ನುವುದು, 1.414 ಎಂದರೆ 0.002, 1.4142 ಎಂದರೆ 0.0002. ಅಂಕಿ ಬೆಳೆದಂತೆ ಕುಗ್ಗುತ್ತಲೇ ಹೋಗುವ ಈ ಉತ್ತರಗಳು ನಾವು ಬರೆದ ಅಂಕಿಗಳವೇ ಹೊರತು ಆ ಕರ್ಣದವಲ್ಲ.