ಸ್ಮಾರಕದ ಹಿಂದೆ ಅಪಾರ್ಟ್‌ಮೆಂಟ್ ಎದ್ದರೆ? ಮನಿಲಾದಲ್ಲಿ ಜನ ಏನಂದ್ರು, ನಮ್ಮ ಗೋಳಗುಮ್ಮಟಕ್ಕೆ ಕಾನೂನು ಏನನ್ನುತ್ತೆ

ವಿಜಯಪುರ: ರೈಲಿನಲ್ಲಿ ನಮ್ಮೂರಿಗೆ ಬರುವವರಿಗೆ ಸ್ಟೇಷನ್‌ಗಿಂತ ಮೊದಲು ಕಾಣೋದು ಗೋಳಗುಮ್ಮಟ. ಸುಮಾರು 51 ಮೀಟರ್ ಎತ್ತರದ ಆ ಗುಮ್ಮಟದ ಹಿಂದೆ ಇವತ್ತಿಗೂ ಇರೋದು ಬರೀ ಆಕಾಶ. ನಾಳೆ ಅದರ ಬೆನ್ನಿಗೆ 40 ಮಹಡಿಯ ಅಪಾರ್ಟ್‌ಮೆಂಟ್ ಎದ್ದರೆ ಏನಾಗುತ್ತೆ? ಕಾನೂನು ತಡೆಯುತ್ತಾ? "ತಡೆಯುತ್ತೆ ಬಿಡ್ರಿ, ಪುರಾತತ್ವ ಇಲಾಖೆ ಮನೆ ಮ್ಯಾಲೆ ಒಂದ್ ಮಹಡಿ ಕಟ್ಟಾಕೇ ಬಿಡಂಗಿಲ್ಲ" ಅನ್ನೋದು ನಮ್ಮಲ್ಲಿ ಸಾಮಾನ್ಯ ಮಾತು. ಆದರೆ ಆ ಮಾತು ಅರ್ಧ ಮಾತ್ರ ಸರಿ. ಯಾಕೆ ಅನ್ನೋದಕ್ಕೆ ಫಿಲಿಪ್ಪೀನ್ಸ್ ದೇಶದ ರಾಜಧಾನಿ ಮನಿಲಾದಲ್ಲಿ ನಡೆದ ಜಗಳ ನೋಡಬೇಕು.

ಮನಿಲಾದಲ್ಲಿ ಆಗಿದ್ದೇನು?

ಹೋಸೆ ರಿಸಾಲ್ ಫಿಲಿಪ್ಪೀನ್ಸ್‌ನ ರಾಷ್ಟ್ರನಾಯಕ. ವೈದ್ಯ, ಕಾದಂಬರಿಕಾರ. 1896ರ ಡಿಸೆಂಬರ್ 30ರಂದು ಸ್ಪೇನ್ ಆಡಳಿತ ಅವರನ್ನು ಗುಂಡಿಕ್ಕಿ ಕೊಂದಿತು. ಆಗ ಅವರಿಗೆ 35 ವರ್ಷ. ಅದೇ ಮೈದಾನದಲ್ಲಿ 1913ರಲ್ಲಿ ಸ್ಮಾರಕ ಎದ್ದಿತು. ಅವರ ಅವಶೇಷ ಇರೋದೂ ಅಲ್ಲೇ. ಹಗಲು ರಾತ್ರಿ ಕಾವಲು ಇರುತ್ತೆ. ಶಾಲಾ ಮಕ್ಕಳು, ಪ್ರವಾಸಿಗರು, ವಿದೇಶಿ ಗಣ್ಯರು ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ತಾರೆ.

ಆ ಸ್ಮಾರಕದ ಹಿಂದೆ, ಮುಕ್ಕಾಲು ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲಿ, 'ಟೋರೆ ಡೆ ಮನಿಲಾ' ಎಂಬ 40ಕ್ಕೂ ಹೆಚ್ಚು ಮಹಡಿಯ ವಸತಿ ಕಟ್ಟಡ ಶುರುವಾಯಿತು. ನಗರಾಡಳಿತ ಪರವಾನಗಿ ಕೊಟ್ಟಿದ್ದು 2012ರಲ್ಲಿ. ಅದೇ ವರ್ಷ ಅದನ್ನು ತಡೆಹಿಡಿಯಿರಿ ಅಂತ ನಗರ ಸಭೆ ನಿರ್ಣಯ ಮಾಡಿತು. ಆ ಜಾಗದಲ್ಲಿ ಅವಕಾಶ ಇದ್ದ ಎಫ್‌ಎಆರ್ 4. ಈ ಕಟ್ಟಡದ್ದು 7.79. ಹಾಗಿದ್ದೂ 2014ರ ಜನವರಿಯಲ್ಲಿ ಅದೇ ನಗರ ಸಭೆ ವಿನಾಯ್ತಿಗೆ ಒಪ್ಪಿಗೆ ಕೊಟ್ಟಿತು.

ಮಹಡಿ ಮೇಲೆ ಮಹಡಿ ಏರಿದಂತೆ ಜನರಿಗೆ ವಿಷಯ ಗೊತ್ತಾಯಿತು. ರಿಸಾಲ್ ಪ್ರತಿಮೆಯ ಪ್ರತಿ ಫೋಟೊದಲ್ಲೂ ಹಿಂದೆ ಕಾಂಕ್ರೀಟ್ ಗೋಡೆ! ಅಡ್ಡ ಬಂದು ಫೋಟೊ ಕೆಡಿಸುವವನು ಎಂಬ ಅರ್ಥದಲ್ಲಿ ಜನ ಅದನ್ನು 'ಫೋಟೊಬಾಂಬರ್' ಅಂತ ಕರೆದರು. ಟೂರ್ ಗೈಡ್ ಕಾರ್ಲೋಸ್ ಸೆಲ್‌ಡ್ರಾನ್ ಸಹಿ ಸಂಗ್ರಹ ಶುರು ಮಾಡಿದರು.

ಎರಡೂ ಕಡೆಯ ಮಾತು

ವಿರೋಧಿಸಿದವರು ಹೇಳಿದ್ದು: ಸ್ಮಾರಕ ಅಂದ್ರೆ ಬರೀ ಕಲ್ಲಲ್ಲ, ಅದು ಕಾಣುವ ರೀತಿಯೂ ಸ್ಮಾರಕವೇ. ನೂರು ವರ್ಷ ಇಡೀ ದೇಶ ನೋಡಿದ ನೋಟವನ್ನು ಒಂದು ಕಂಪನಿ ತನ್ನ ಲಾಭಕ್ಕೆ ಕೆಡಿಸಬಾರದು. ನಿಯಮ ಮೀರಿದ ಎತ್ತರಕ್ಕೆ ಆಮೇಲೆ ವಿನಾಯ್ತಿ ಕೊಡುವುದಾದರೆ ನಿಯಮ ಯಾಕೆ ಬೇಕು?

ಪರವಾಗಿ ಇದ್ದವರ ಮಾತೂ ಹಗುರವಲ್ಲ. ಕಟ್ಟಡ ಇರೋದು ಉದ್ಯಾನದ ಹೊರಗೆ, ಖಾಸಗಿ ಜಾಗದಲ್ಲಿ. ಅದು ಸ್ಮಾರಕವನ್ನು ಮುಚ್ಚುವುದಿಲ್ಲ, ಹಿಂದೆ ಕಾಣುತ್ತೆ ಅಷ್ಟೇ. ಪರವಾನಗಿ ನಂಬಿ ದುಡ್ಡು ಕಟ್ಟಿದ ಕುಟುಂಬಗಳ ಗತಿ ಏನು? ಕೆಲಸಗಾರರ ಕೂಲಿ? ನಗರದಲ್ಲಿ ಜನ ವಾಸ ಮಾಡಬೇಡವೇ? ರಿಸಾಲ್ ತಮಗೆ ಸರಳ ಸಮಾಧಿ ಸಾಕು ಅಂದಿದ್ದರು ಎಂಬುದನ್ನೂ ನೆನಪಿಸಿದರು. ಅಲ್ಲಿನ ರಾಷ್ಟ್ರೀಯ ಇತಿಹಾಸ ಆಯೋಗವೇ 2012ರಲ್ಲಿ, ಕಟ್ಟಡ ಉದ್ಯಾನದ ಗಡಿಯ ಹೊರಗಿದೆ, ಸ್ಮಾರಕದ ಮುಂಭಾಗದ ನೋಟಕ್ಕೆ ಅಡ್ಡಿಯಿಲ್ಲ ಅಂತ ಪತ್ರ ಕೊಟ್ಟಿತ್ತು.

2014ರಲ್ಲಿ 'ನೈಟ್ಸ್ ಆಫ್ ರಿಸಾಲ್' ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 2015ರ ಜೂನ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು. ಅಷ್ಟೊತ್ತಿಗೆ ಕಟ್ಟಡ ಸಾಕಷ್ಟು ಮೇಲೆ ಹೋಗಿತ್ತು. 2017ರ ಏಪ್ರಿಲ್ 18ರಂದು ಅಂತಿಮ ತೀರ್ಪು: 9 ನ್ಯಾಯಮೂರ್ತಿಗಳು ಅರ್ಜಿ ವಜಾ ಅಂದರು, 6 ಮಂದಿ ಒಪ್ಪಲಿಲ್ಲ. ಬಹುಮತದ ಮುಖ್ಯ ಕಾರಣ ಒಂದೇ: ಹಿನ್ನೆಲೆಯ ನೋಟ ಕೆಡುತ್ತೆ ಅಂತ ಕಟ್ಟಡ ನಿಲ್ಲಿಸುವ ಕಾನೂನು ದೇಶದಲ್ಲಿ ಇಲ್ಲ. ಕಟ್ಟಡ ಇವತ್ತೂ ನಿಂತಿದೆ.

ನಮ್ಮ ಕಾನೂನು ಅಳೆಯೋದು ನೆಲವನ್ನು

ಈಗ ಊರಿಗೆ ಬರೋಣ. ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. 2010ರಲ್ಲಿ ಅದಕ್ಕೆ ತಿದ್ದುಪಡಿ ಬಂದು ನಿಯಮ ಬಿಗಿಯಾಯಿತು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಜಾಮಿಯಾ ಮಸೀದಿ, ಬಾರಾಕಮಾನ್ ಎಲ್ಲಕ್ಕೂ ಇದೇ ಅನ್ವಯ.

* ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್: ನಿಷೇಧಿತ ಪ್ರದೇಶ. ಹೊಸ ಕಟ್ಟಡ ಇಲ್ಲ. ಇರುವ ಮನೆ ಮೇಲೆ ಮಹಡಿ ಏರಿಸುವುದು, ಪಕ್ಕಕ್ಕೆ ಬೆಳೆಸುವುದೂ 'ನಿರ್ಮಾಣ'ವೇ. 1992ರ ಜೂನ್ 16ಕ್ಕಿಂತ ಮೊದಲಿನ ಕಟ್ಟಡ, ಇಲ್ಲವೇ ಆಮೇಲೆ ಇಲಾಖೆಯ ಒಪ್ಪಿಗೆ ಪಡೆದು ಕಟ್ಟಿದ್ದು ಆದರೆ, ಅನುಮತಿ ಪಡೆದು ದುರಸ್ತಿ ಮಾಡಬಹುದು.
* ಅದರಾಚೆ ಇನ್ನೂ 200 ಮೀಟರ್: ನಿಯಂತ್ರಿತ ಪ್ರದೇಶ. ಕಟ್ಟಬಹುದು, ಆದರೆ ಮೊದಲು ಎನ್‌ಒಸಿ ಬೇಕು.
* ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ. ಅವರು 15 ದಿನದಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ 2 ತಿಂಗಳಲ್ಲಿ ಅಭಿಪ್ರಾಯ ಬರಬೇಕು. ಆಮೇಲೆ 1 ತಿಂಗಳಲ್ಲಿ ಕೊಡುತ್ತೇವೆ ಅಥವಾ ಇಲ್ಲ ಅನ್ನಬೇಕು.
* ಅನುಮತಿ ಇಲ್ಲದೆ ಕಟ್ಟಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಗಮನಿಸಿ, ಅಳತೆ ಗುಮ್ಮಟದ ಗೋಡೆಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಸೈಟ್ ತಗೊಳ್ಳುವವರು ಬಹಳ ಸಲ ಎಡವುವುದು ಇಲ್ಲೇ.

ಸಣ್ಣವನಿಗೆ ಬಿಗಿ, ದೊಡ್ಡವನಿಗೆ ಸಡಿಲ?

ಈಗ ಲೆಕ್ಕ ಹಾಕಿ. ಎರಡೂ ವಲಯ ಸೇರಿದರೆ 300 ಮೀಟರ್. ಮನಿಲಾದ ಕಟ್ಟಡ ಇದ್ದದ್ದು ಅದರ ಎರಡು ಪಟ್ಟಿಗೂ ಹೆಚ್ಚು ದೂರದಲ್ಲಿ. ಅಷ್ಟೇ ದೂರದಲ್ಲಿ ಇಲ್ಲಿ ಯಾರಾದರೂ 40 ಮಹಡಿ ಎಬ್ಬಿಸಲು ಹೊರಟರೆ, ಹತ್ತಿರ ಬೇರೆ ಸಂರಕ್ಷಿತ ಸ್ಮಾರಕ ಇಲ್ಲದಿದ್ದರೆ, ಈ ಕಾಯ್ದೆ ಅಡ್ಡ ಬರೋದಿಲ್ಲ. ಉಳಿಯೋದು ಮಾಸ್ಟರ್ ಪ್ಲಾನ್, ಎಫ್‌ಎಆರ್, ಅಗ್ನಿಶಾಮಕ ಇಂಥ ಸಾಮಾನ್ಯ ನಿಯಮಗಳು ಮಾತ್ರ.

ಅಂದರೆ 90 ಮೀಟರ್ ದೂರದ ಅಂಗಡಿಯವರು ಮಗನ ಸಂಸಾರಕ್ಕೆ ಮೇಲೊಂದು ಕೋಣೆ ಹಾಕುವಂತಿಲ್ಲ. 800 ಮೀಟರ್ ದೂರದ ಗೋಪುರಕ್ಕೆ ಈ ಕಾಯ್ದೆಯಲ್ಲಿ ಕೇಳುವವರೇ ಇಲ್ಲ. ಆ ಕೋಣೆ ರೈಲಿನಿಂದ ಕಾಣೋದೂ ಇಲ್ಲ. ಗೋಪುರ ಮಾತ್ರ ಊರ ಚಿತ್ರವನ್ನೇ ಬದಲಿಸುತ್ತೆ. ಹತ್ತಿರದ ನಿಯಮ ಬೇಡ ಅಂತಲ್ಲ. ಅಡಿಪಾಯ, ಚರಂಡಿ, ವಾಹನದ ಒತ್ತಡದಿಂದ ಸ್ಮಾರಕ ಕಾಯೋಕೆ ಅದು ಬೇಕು. ಆದರೆ ನೋಟ ಕಾಯೋಕೆ ಅದೊಂದೇ ಸಾಲದು.

ಬೇರೆ ಕಡೆ ದಾರಿ ಕಂಡುಕೊಂಡಿದ್ದಾರೆ. ಲಂಡನ್‌ನಲ್ಲಿ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕಾಣುವ ಜಾಗಗಳನ್ನು ಗುರುತಿಸಿ, ನಡುವಿನ ಕಟ್ಟಡಗಳ ಎತ್ತರಕ್ಕೆ 1930ರ ದಶಕದಿಂದಲೇ ಮಿತಿ ಹಾಕುತ್ತಾ ಬಂದಿದ್ದಾರೆ. ಜರ್ಮನಿಯ ಕೊಲೋನ್‌ನಲ್ಲಿ ನದಿಯಾಚೆ ಗೋಪುರಗಳ ಯೋಜನೆ ಬಂದಾಗ, 2004ರಲ್ಲಿ ಯುನೆಸ್ಕೊ ಅಲ್ಲಿನ ದೊಡ್ಡ ಚರ್ಚನ್ನು 'ಅಪಾಯದಲ್ಲಿರುವ ಪರಂಪರೆ' ಪಟ್ಟಿಗೆ ಸೇರಿಸಿತು. ನಗರಾಡಳಿತ ಎತ್ತರ ತಗ್ಗಿಸಿದ ಮೇಲೆ 2006ರಲ್ಲಿ ಪಟ್ಟಿಯಿಂದ ತೆಗೆಯಿತು. ಎರಡೂ ಊರಲ್ಲಿ ಎತ್ತರದ ಮಿತಿಯನ್ನು ಕಾಗದದಲ್ಲಿ ಬರೆದರು. ಮನಿಲಾದಲ್ಲಿ ಬರೆದಿರಲಿಲ್ಲ.

ನೀವು ಮಾಡಬಹುದಾದ್ದು

ಸೈಟ್ ಅಥವಾ ಫ್ಲ್ಯಾಟ್ ಕೊಳ್ಳುವ ಮುಂಚೆ ಉತಾರ, ಪ್ಲಾನ್ ಜೊತೆಗೆ ಸ್ಮಾರಕದ ಗಡಿಯಿಂದ ಎಷ್ಟು ಮೀಟರ್ ಅಂತ ಪುರಾತತ್ವ ಇಲಾಖೆ ಕಚೇರಿಯಲ್ಲಿ ಕೇಳಿ. 300 ಮೀಟರ್ ಒಳಗಿದ್ದರೆ ಎನ್‌ಒಸಿ ಪ್ರತಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಎನ್‌ಒಸಿಯಲ್ಲಿ ಬರೆದ ಎತ್ತರವನ್ನೂ ಓದಿ. ಮನಿಲಾದಲ್ಲಿ ಪರವಾನಗಿ ನಂಬಿದವರೇ ಸುಮಾರು 2 ವರ್ಷ ತಡೆಯಾಜ್ಞೆಯಲ್ಲಿ ಸಿಕ್ಕಿಬಿದ್ದಿದ್ದರು.

ಇನ್ನು ಮಾಸ್ಟರ್ ಪ್ಲಾನ್ ಪರಿಷ್ಕರಣೆ ಆಗುವಾಗ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆ ಕರೆಯುತ್ತಾರೆ. ಗೋಳಗುಮ್ಮಟ ಯಾವ ಯಾವ ರಸ್ತೆಯಿಂದ ಕಾಣಬೇಕು, ಅದರ ಹಿಂದೆ ಎಷ್ಟು ಎತ್ತರ ಸಾಕು ಅಂತ ಬರೆದು ಕೊಡಲು ಅದೇ ಸಮಯ. ಕಟ್ಟಡ ಮೇಲೇರತೊಡಗಿದ ಮೇಲೆ ಕೋರ್ಟಿಗೆ ಹೋದರೆ ಏನಾಗುತ್ತೆ ಅನ್ನೋದನ್ನು ಮನಿಲಾದವರು ಆಗಲೇ ನೋಡಿದ್ದಾರೆ.