ಚಾವಣಿಯ ಚುಕ್ಕಿಗಳು

ಕಳೆದ ಬೇಸಿಗೆಯಲ್ಲಿ ನಮ್ಮ ತಾಯಿಯವರು ತಿಪಟೂರಿನಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದರು. ಅದೇ ಹೊತ್ತಿಗೆ ನಾನು ಮಗಳ ಕೋಣೆಯ ಸೀಲಿಂಗಿಗೆ ಕತ್ತಲಲ್ಲಿ ಹೊಳೆಯುವ ಬಣ್ಣದಿಂದ ನಕ್ಷತ್ರಗಳನ್ನು ಬಿಡಿಸುವ ಕೆಲಸ ಹಚ್ಚಿಕೊಂಡಿದ್ದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಚುಕ್ಕಿಗಳನ್ನು ಅಂಟಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವಳಿಗೆ ನಿಜವಾದ ಆಕಾಶವೇ ಬೇಕಾಗಿತ್ತು. ಇಲ್ಲಿನ ಬೀದಿ ದೀಪಗಳ ಕೃಪೆಯಿಂದ ನಮ್ಮ ಹಿತ್ತಿಲಲ್ಲಿ ನಿಂತರೆ ಇಪ್ಪತ್ತು ನಕ್ಷತ್ರ ಎಣಿಸುವುದೂ ಕಷ್ಟ. ಸರಿ, ನಕಾಶೆ ಹಿಡಿದು, ಏಣಿ ಹತ್ತಿ, ಎರಡು ವಾರಾಂತ್ಯ ಕತ್ತು ನೋಯಿಸಿಕೊಂಡೆ.

ಹಗಲು ನೋಡಿದರೆ ಬಿಳಿಯ ಸೀಲಿಂಗಿನಲ್ಲಿ ಏನೂ ಇಲ್ಲ. ದೀಪ ಆರಿಸಿದರೆ ಮೃಗಶಿರ, ರೋಹಿಣಿ, ಕೃತ್ತಿಕೆ, ಲುಬ್ಧಕ ಎಲ್ಲವೂ ತೆಳು ಹಸಿರಾಗಿ ಮೂಡುತ್ತವೆ. ಮೊದಲ ರಾತ್ರಿ ಮಗಳು ಅಜ್ಜಿಯ ಕೈಹಿಡಿದು ಕರೆತಂದು ಸ್ವಿಚ್ಚು ಆರಿಸಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ಮೇಲೆ ನೋಡಿದರು. ಆಮೇಲೆ ಕೇಳಿದರು: "ಇದು ರೇಡಿಯಂ ಅಲ್ವೇನೋ? ಮಗು ಮಲಗೋ ಕೋಣೇಗೆ ಇದನ್ನ ಬಳೀಬಹುದಾ?"

"ಏನೂ ಆಗಲ್ಲಮ್ಮ" ಎಂದು ಹೇಳಿ ಕೆಳಗಿಳಿದು ಬಂದೆನಾದರೂ ಆ ಮಾತು ನನ್ನನ್ನು ಬಿಡಲಿಲ್ಲ. ಏಕೆಂದರೆ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಆರೆಂಜ್ ಎಂಬ ಊರಿದೆ. ಅಮ್ಮನ ಪ್ರಶ್ನೆಗೆ ಉತ್ತರ ಆ ಊರನ್ನು ಹಾದೇ ಬರಬೇಕು.

ನಮ್ಮ ಕಡೆ ಹೊಳೆಯುವುದೆಲ್ಲ ರೇಡಿಯಂ. ಆಟೋ ಹಿಂದೆ ಬರೆದ ಹೆಸರು ರೇಡಿಯಂ, ಲಾರಿಗೆ ಅಂಟಿಸಿದ ಪಟ್ಟಿ ರೇಡಿಯಂ. ಬೆಂಗಳೂರಿನಿಂದ ಹಿಡಿದು ಸಣ್ಣ ತಾಲ್ಲೂಕು ಕೇಂದ್ರದವರೆಗೆ ಬಸ್‌ಸ್ಟ್ಯಾಂಡಿನ ಆಸುಪಾಸು ನಂಬರ್ ಪ್ಲೇಟು, ಸ್ಟಿಕ್ಕರು ಮಾಡುವವರ ಅಂಗಡಿಯ ಬೋರ್ಡಿನಲ್ಲೂ ಅದೇ ಶಬ್ದ. ಆ ಸ್ಟಿಕ್ಕರಿನಲ್ಲಿ ರೇಡಿಯಂ ಇಲ್ಲ, ಅದಕ್ಕೆ ಸ್ವಂತ ಬೆಳಕೂ ಇಲ್ಲ; ಎದುರಿನ ವಾಹನದ ದೀಪವನ್ನು ಹಿಂದಕ್ಕೆ ಕಳಿಸುತ್ತದೆ, ಅಷ್ಟೆ. ಕತ್ತಲಲ್ಲಿ ಮುಳ್ಳು ಹೊಳೆಯುತ್ತಿದ್ದ ಹಳೆಯ ಕೈಗಡಿಯಾರಗಳಿಂದ ಉಳಿದುಕೊಂಡ ಹೆಸರು ಅದು. ವಸ್ತು ಹೋದರೂ ಹೆಸರು ಹೋಗಲಿಲ್ಲ.

ಚಾವಣಿಗೆ ಆಕಾಶವನ್ನು ತರುವ ಆಸೆ ಮಾತ್ರ ರೇಡಿಯಂಗಿಂತ ಬಹಳ ಹಳೆಯದು. ಈಜಿಪ್ಟಿನಲ್ಲಿ ರಾಣಿ ಹತ್ಶೆಪ್ಸುತಳ ಅಧಿಕಾರಿಯಾಗಿದ್ದ ಸೆನೆನ್‌ಮುಟ್‌ನ ಸಮಾಧಿಯ ಚಾವಣಿಯಲ್ಲಿ, ಇಂದಿಗೆ ಸುಮಾರು 3500 ವರ್ಷಗಳ ಹಿಂದೆಯೇ ನಕ್ಷತ್ರ ಪುಂಜಗಳನ್ನು ಬರೆದಿದ್ದಾರೆ. ಜೋರ್ಡಾನಿನ ಮರುಭೂಮಿಯ ಕುಸೈರ್ ಅಮ್ರಾದ ಸ್ನಾನಗೃಹದ ಗುಮ್ಮಟದಲ್ಲಿ 8ನೆಯ ಶತಮಾನದ ರಾಶಿಚಕ್ರವಿದೆ. ಇಟಲಿಯ ಪಡುವಾದಲ್ಲಿ ಜೊಟ್ಟೊ 1305ರ ಸುಮಾರಿಗೆ ಒಂದು ಪ್ರಾರ್ಥನಾ ಮಂದಿರದ ಚಾವಣಿಗೆ ಕಡುನೀಲಿ ಬಳಿದು ಚಿನ್ನದ ನಕ್ಷತ್ರಗಳನ್ನಿಟ್ಟ. ಮೈಕೆಲೇಂಜೆಲೊ 1508ರಲ್ಲಿ ಕೈಹಾಕುವ ಮೊದಲು ಸಿಸ್ಟೀನ್ ಚಾಪೆಲ್ಲಿನ ಚಾವಣಿಯೂ ನೀಲಿಯ ಮೇಲೆ ಚಿನ್ನದ ಚುಕ್ಕಿಯಾಗಿಯೇ ಇತ್ತು. ನಮ್ಮ ತಿಪಟೂರು ತಾಲ್ಲೂಕಿನದೇ ಆದ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದಲ್ಲಿ ಶಿಲ್ಪಿ ನಕ್ಷತ್ರಗಳ ಗೊಡವೆಗೆ ಹೋಗದೆ, ನಾಟ್ಯವಾಡುವ ಶಿವನನ್ನು ನಡುವೆ ನಿಲ್ಲಿಸಿ, ಸುತ್ತ ಅಷ್ಟದಿಕ್ಪಾಲಕರನ್ನು ಕೂರಿಸಿ ಆಕಾಶವನ್ನು ತನ್ನ ರೀತಿಯಲ್ಲಿ ಕಟ್ಟಿದ್ದಾನೆ. ಊರಿಗೆ ಹೋದಾಗ ನೋಡದವರು ಒಮ್ಮೆ ಹೋಗಿ ಬನ್ನಿ. ಕತ್ತು ನೋವು ಖಂಡಿತ, ಪಶ್ಚಾತ್ತಾಪವಿಲ್ಲ.

ಇಲ್ಲಿಯವರಿಗೆ ಹತ್ತಿರದ ಉದಾಹರಣೆ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ. 1913ರ ಫೆಬ್ರವರಿಯಲ್ಲಿ ತೆರೆದಾಗ ಅದರ ಚಾವಣಿಯಲ್ಲಿ ಸುಮಾರು 2500 ನಕ್ಷತ್ರಗಳಿದ್ದವು. ಕೆಲವೇ ವಾರಗಳಲ್ಲಿ, ದಿನಾ ರೈಲಿನಲ್ಲಿ ಓಡಾಡುತ್ತಿದ್ದ ಪ್ರಯಾಣಿಕನೊಬ್ಬ ಆಕಾಶ ತಿರುವುಮುರುವಾಗಿದೆ ಎಂದು ಎತ್ತಿ ತೋರಿಸಿದ! ಪೂರ್ವ ಪಶ್ಚಿಮವಾಗಿತ್ತು, ಪಶ್ಚಿಮ ಪೂರ್ವ. ನಕ್ಷತ್ರದ ನಕಾಶೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ನೋಡಬೇಕು. ನೆಲದ ಮೇಲೆ ಹಾಸಿಕೊಂಡು ಹಾಗೆಯೇ ಮೇಲಕ್ಕೆ ಏರಿಸಿದರೆ ಕನ್ನಡಿಯಲ್ಲಿ ಕಂಡಂತಾಗುತ್ತದೆ. ಆಮೇಲೆ ಇದು ದೇವರು ಹೊರಗಿನಿಂದ ನೋಡುವ ಆಕಾಶ ಎಂಬ ಸಮರ್ಥನೆಯೂ ಹುಟ್ಟಿಕೊಂಡಿತು. 1940ರ ದಶಕದಲ್ಲಿ ಹೊಸದಾಗಿ ಬರೆದಾಗಲೂ, 1998ರಲ್ಲಿ ದಶಕಗಳ ಕೊಳೆ ತೆಗೆದು ಮುಗಿಸಿದಾಗಲೂ ಅದನ್ನು ಹಾಗೆಯೇ ಬಿಟ್ಟರು. ನಾನೂ ಮೊದಲ ದಿನ ಅದೇ ತಪ್ಪು ಮಾಡಿ ಕೃತ್ತಿಕೆಯನ್ನು ಒರೆಸಿ ಮತ್ತೆ ಬರೆದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇವೆಲ್ಲ ಆಕಾಶಗಳಿಗೂ ಒಂದು ಕೊರತೆಯಿತ್ತು. ಚಿನ್ನದ ಚುಕ್ಕಿ ಮಿನುಗಬೇಕಾದರೂ ಕೆಳಗೊಂದು ದೀಪ ಬೇಕು. ದೀಪ ಆರಿದರೆ ಆಕಾಶವೂ ಆರಿತು.

ದೀಪವಿಲ್ಲದೆ ಹೊಳೆಯುವ ಕಲ್ಲು ಸಿಕ್ಕಿದ್ದು ಒಬ್ಬ ಚಮ್ಮಾರನಿಗೆ. 1603ರ ಸುಮಾರು, ಇಟಲಿಯ ಬೊಲೋನ್ಯ ನಗರದ ವಿನ್ಚೆಂಜೊ ಕಾಶಾರೊಲೊ ಎಂಬಾತ ಬಿಡುವಿನಲ್ಲಿ ಚಿನ್ನ ಮಾಡುವ ರಸವಿದ್ಯೆಯ ಹುಚ್ಚು ಹತ್ತಿಸಿಕೊಂಡಿದ್ದ. ಪಡೆರ್ನೊ ಬೆಟ್ಟದಿಂದ ತಂದ ತೂಕದ ಕಲ್ಲನ್ನು ಇದ್ದಿಲಿನೊಡನೆ ಸುಟ್ಟ. ಚಿನ್ನ ಬರಲಿಲ್ಲ. ಆದರೆ ಬಿಸಿಲಿಗಿಟ್ಟು ಕತ್ತಲಿಗೆ ತಂದರೆ ಆ ಕಲ್ಲು ಕೆಂಡದಂತೆ ಹೊಳೆಯತೊಡಗಿತು. ಅದು ಬೇರಿಯಂ ಇರುವ ಕಲ್ಲು. ಅದರಲ್ಲಿ ಸೇರಿದ್ದ ಚೂರು ತಾಮ್ರವೇ ಆ ಹೊಳಪಿಗೆ ಕಾರಣವೆಂದು ತೋರಿಸಿಕೊಟ್ಟದ್ದು 2012ರಲ್ಲಿ, ನಾಲ್ಕು ಶತಮಾನಗಳಾದ ಮೇಲೆ!

ಈ ಕಲ್ಲು ವಿದ್ವಾಂಸರ ನಡುವೆ ಜಗಳವನ್ನೂ ತಂದಿತು. ಬಿದಿಗೆ ತದಿಗೆಯ ಚಂದ್ರನ ಕತ್ತಲ ಭಾಗವೂ ಮಸುಕಾಗಿ ಕಾಣುವುದನ್ನು ನೀವು ನೋಡಿರಬಹುದು. ಚಂದ್ರನೂ ಬೊಲೋನ್ಯದ ಕಲ್ಲಿನಂತೆ ಬಿಸಿಲು ಕುಡಿದು ಹೊಳೆಯುತ್ತಾನೆ ಎಂದು ಲಿಚೇಟಿ ಎಂಬ ಪಂಡಿತ 1640ರ ತನ್ನ ಗ್ರಂಥದಲ್ಲಿ ವಾದಿಸಿದ. ಅಲ್ಲ, ಅದು ಭೂಮಿಯಿಂದ ಮರಳಿ ಬಿದ್ದ ಬೆಳಕು ಎಂದು ಗೆಲಿಲಿಯೊ 1610ರಲ್ಲೇ ಬರೆದಿದ್ದ. ಕಣ್ಣು ಕಳೆದುಕೊಂಡಿದ್ದ ಆ ಮುದುಕ ಮತ್ತೆ ಉತ್ತರ ಬರೆಸಬೇಕಾಯಿತು. ಗೆಲಿಲಿಯೊ ಹೇಳಿದ್ದೇ ಸರಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಸತುವಿನ ಮತ್ತು ಕ್ಯಾಲ್ಸಿಯಂನ ಸಲ್ಫೈಡುಗಳಿಂದ ಇಂಥ ಹೊಳಪಿನ ಪುಡಿಗಳು ಬಂದವು. ಬಾಲ್ಮೇನ್ ಎಂಬಾತನ ಬಣ್ಣ 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೂ ಬಂತು. ಇವುಗಳ ಹೊಳಪು ಬೇಗ ಕುಂದುತ್ತಿತ್ತು. ಬೆಳಕು ಕುಡಿಯದೆ ತಾನೇ ಹೊಳೆಯುವ ಬಣ್ಣ ಯಾರ ಬಳಿಯೂ ಇರಲಿಲ್ಲ. 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಕಂಡುಹಿಡಿದ ಮೇಲೆ ಆ ಬಣ್ಣವೂ ಬಂದಿತು. ಸತುವಿನ ಸಲ್ಫೈಡಿಗೆ ಚಿಟಿಕೆಗಿಂತ ಕಡಿಮೆ ರೇಡಿಯಂ ಬೆರೆಸಿದರೆ ಸಾಕು. ಬಿಸಿಲೂ ಬೇಡ, ದೀಪವೂ ಬೇಡ, ಹಗಲು ರಾತ್ರಿ ತಾನೇ ಹೊಳೆಯುತ್ತದೆ.

ಈ ಬಣ್ಣವನ್ನು ಅಮೆರಿಕದಲ್ಲಿ ದೊಡ್ಡ ಉದ್ಯಮವಾಗಿ ಮಾಡಿದವನು ಸೇಬಿನ್ ಫಾನ್ ಸೊಚೊಕಿ ಎಂಬ ವೈದ್ಯ. ಆತ 1921ರಲ್ಲಿ ಒಂದು ಪತ್ರಿಕೆಯಲ್ಲಿ ಬರೆದದ್ದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಮುಂದೊಂದು ದಿನ ನಮ್ಮ ನಮ್ಮ ಮನೆಗಳಲ್ಲಿ ಗೋಡೆಗೂ ಚಾವಣಿಗೂ ರೇಡಿಯಂ ಬಣ್ಣ ಬಳಿದ ಕೋಣೆ ಇರುತ್ತದೆ, ಅದರ ಬೆಳಕು ತಂಪಾದ ಬೆಳದಿಂಗಳಿನಂತಿರುತ್ತದೆ ಎಂಬುದು ಅವನ ಕನಸು. ಅಮ್ಮ ಭಯಪಟ್ಟ ಕೋಣೆ ಅದೇ.

ಅವನ ಸಂಸ್ಥೆ ಆರೆಂಜ್ ಊರಿನ ಆಲ್ಡೆನ್ ಮತ್ತು ಹೈ ಬೀದಿಗಳು ಸೇರುವಲ್ಲಿ 1917ರಲ್ಲಿ ಕಾರ್ಖಾನೆ ತೆರೆಯಿತು. ಮಹಾಯುದ್ಧದ ಕಾಲ; ಸೈನಿಕರಿಗೆ ಕತ್ತಲಲ್ಲಿ ಕಾಣುವ ಗಡಿಯಾರ ಬೇಕಾಗಿತ್ತು. ಕೆಲಸಕ್ಕೆ ಬಂದವರು ಹದಿನೈದು, ಹದಿನಾರು, ಇಪ್ಪತ್ತರ ಹುಡುಗಿಯರು. ಗಡಿಯಾರದ ಅಂಕಿಗಳನ್ನು ಸಣ್ಣ ಕುಂಚದಿಂದ ತುಂಬಬೇಕು. ಕುಂಚದ ತುದಿ ಚೂಪಾಗಿರಲು ಅದನ್ನು ತುಟಿಗಳ ನಡುವೆ ಇಟ್ಟು ಒತ್ತಬೇಕು, ಬಣ್ಣದಲ್ಲಿ ಅದ್ದಬೇಕು, ಬರೆಯಬೇಕು, ಮತ್ತೆ ತುಟಿ. ಹಾಗೆ ಮಾಡುವಂತೆ ಅವರಿಗೆ ಹೇಳಿಕೊಟ್ಟಿದ್ದರು. ಅಪಾಯವಿಲ್ಲವೇ ಎಂದು ಕೇಳಿದವರಿಗೆ ಇಲ್ಲವೆಂಬ ಉತ್ತರ. ಅದೇ ಕಟ್ಟಡದಲ್ಲಿ ರೇಡಿಯಂ ಶುದ್ಧಿ ಮಾಡುತ್ತಿದ್ದ ರಸಾಯನಶಾಸ್ತ್ರಜ್ಞರು ಸೀಸದ ತಡೆ, ಇಕ್ಕಳಗಳ ಹಿಂದೆ ನಿಂತು ಕೆಲಸ ಮಾಡುತ್ತಿದ್ದರು. ಹುಡುಗಿಯರು ಆಟಕ್ಕೆಂದು ಉಗುರಿಗೂ ಹಲ್ಲಿಗೂ ಬಣ್ಣ ಹಚ್ಚಿಕೊಂಡು ಕತ್ತಲಲ್ಲಿ ನಗುತ್ತಿದ್ದರಂತೆ. ಸಂಜೆ ಮನೆಗೆ ಹೋಗುವಾಗ ಅವರ ತಲೆಗೂದಲು, ಬಟ್ಟೆ ಮಿಣುಕುಹುಳುಗಳಂತೆ ಮಿನುಗುತ್ತಿತ್ತು.

ರೇಡಿಯಂ ದೇಹದೊಳಗೆ ಹೋದರೆ ಅದನ್ನು ದೇಹ ಸುಣ್ಣವೆಂದು, ಅಂದರೆ ಕ್ಯಾಲ್ಸಿಯಂ ಎಂದು, ತಪ್ಪು ತಿಳಿದು ಎಲುಬಿನಲ್ಲಿ ಶೇಖರಿಸಿಟ್ಟುಕೊಳ್ಳುತ್ತದೆ. ಅಲ್ಲಿ ಕುಳಿತು ಅದು ಎಲುಬನ್ನು ಒಳಗಿನಿಂದ ಸುಡುತ್ತದೆ. ಮೊದಲು ಹಲ್ಲು ನೋವು, ಕಿತ್ತ ಹಲ್ಲಿನ ಗಾಯ ಮಾಯದಿರುವುದು, ಆಮೇಲೆ ದವಡೆಯೇ ಪುಡಿಯಾಗುವುದು. ಮಾಲಿ ಮ್ಯಾಗಿಯಾ 1922ರಲ್ಲಿ ತೀರಿಕೊಂಡಳು. ಮರಣಪತ್ರದಲ್ಲಿ ಬರೆದದ್ದು ಗುಹ್ಯರೋಗವೆಂದು; ಸತ್ತವಳಿಗೆ ಅಪಕೀರ್ತಿ ಬೇರೆ. ಐದು ವರ್ಷಗಳ ನಂತರ ಶವವನ್ನು ಹೊರತೆಗೆದು ಪರೀಕ್ಷಿಸಿದಾಗ ಆ ರೋಗದ ಕುರುಹಿರಲಿಲ್ಲ, ಎಲುಬುಗಳಲ್ಲಿ ರೇಡಿಯಂ ಇತ್ತು. ಅವಳ ಇಬ್ಬರು ಅಕ್ಕತಂಗಿಯರು, ಕ್ವಿಂಟಾ ಮತ್ತು ಆಲ್ಬಿನಾ, ಅಷ್ಟರಲ್ಲಿ ಅದೇ ನೋವಿನಲ್ಲಿದ್ದರು.

ಸಂಸ್ಥೆ ತಾನೇ ಕರೆಸಿದ್ದ ಹಾರ್ವರ್ಡಿನ ಡ್ರಿಂಕರ್ ದಂಪತಿಗಳು ತಪ್ಪನ್ನು ಕಂಡು ವರದಿ ಕೊಟ್ಟರೆ, ಸರ್ಕಾರಕ್ಕೆ ಹೋದದ್ದು ಹುಡುಗಿಯರೆಲ್ಲ ಆರೋಗ್ಯವಾಗಿದ್ದಾರೆಂಬ ತಿದ್ದಿದ ಮಾತು. ಜಿಲ್ಲೆಯ ವೈದ್ಯಾಧಿಕಾರಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1925ರಲ್ಲಿ ನಿಜಸ್ಥಿತಿಯನ್ನು ಪ್ರಕಟಿಸಿದರು. ಗ್ರೇಸ್ ಫ್ರೈಯರ್ ಎಂಬಾಕೆಗೆ ಮೊಕದ್ದಮೆ ಹಿಡಿಯುವ ವಕೀಲನನ್ನು ಹುಡುಕಲು ಸುಮಾರು ಎರಡು ವರ್ಷ ಬೇಕಾಯಿತು. 1927ರಲ್ಲಿ ಐವರು ಹೆಂಗಸರು ದಾವೆ ಹೂಡಿದರು. ಕೆಲವರಿಗೆ ಪ್ರಮಾಣ ಮಾಡಲು ಕೈ ಎತ್ತಲೂ ಆಗಲಿಲ್ಲ. 1928ರ ಜೂನ್‌ನಲ್ಲಿ ರಾಜಿಯಾಯಿತು: ತಲಾ 10,000 ಡಾಲರು, ಬದುಕಿರುವಷ್ಟು ಕಾಲ ವರ್ಷಕ್ಕೆ 600 ಡಾಲರು, ಔಷಧೋಪಚಾರದ ಖರ್ಚು. ಗ್ರೇಸ್ ಬದುಕಿದ್ದು 1933ರವರೆಗೆ. ಬೆಳದಿಂಗಳ ಕೋಣೆಯ ಕನಸು ಕಂಡ ಸೊಚೊಕಿಯೂ ಅದೇ 1928ರಲ್ಲಿ, ರಕ್ತವೇ ಹುಟ್ಟದ ಕಾಯಿಲೆಯಿಂದ ತೀರಿಕೊಂಡ.

ಆ ಹೆಂಗಸರ ದೇಹಗಳಿಂದಲೇ ಜಗತ್ತಿಗೆ ಲೆಕ್ಕ ಸಿಕ್ಕಿತು. ದೇಹದೊಳಗೆ ಎಷ್ಟು ರೇಡಿಯಂ ಇದ್ದರೆ ಮಿತಿ ಮೀರಿದಂತೆ ಎಂಬುದನ್ನು 1941ರಲ್ಲಿ ನಿಗದಿ ಮಾಡಿದ್ದು ಅವರನ್ನು ಪರೀಕ್ಷಿಸಿಯೇ. ಎರಡನೆಯ ಮಹಾಯುದ್ಧದ ಅಣುಬಾಂಬ್ ಕಾರ್ಖಾನೆಗಳ ಕೆಲಸಗಾರರನ್ನು ಕಾಪಾಡಲು ಆಧಾರವಾದದ್ದೂ ಅದೇ. ಆರೆಂಜಿನ ಆ ಜಾಗವನ್ನು 1983ರಲ್ಲಿ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿ, ನಂತರದ ವರ್ಷಗಳಲ್ಲಿ ಸುತ್ತಲ ಮನೆಗಳ ಹಿತ್ತಿಲ ಮಣ್ಣನ್ನೂ ಅಗೆದು ಸಾಗಿಸಿದರು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ನಮ್ಮಲ್ಲಿ ಹಲವರು ತಾತನ ನೆನಪಿಗೆಂದು ಹಳೆಯ ರೇಡಿಯಂ ವಾಚನ್ನೋ ಟೈಂಪೀಸನ್ನೋ ಇಲ್ಲಿಗೆ ತಂದಿಟ್ಟುಕೊಂಡಿರುತ್ತೇವೆ. ಈಗ ಹೊಳೆಯುವುದಿಲ್ಲ, ರೇಡಿಯಂ ಮುಗಿದಿರಬೇಕು ಎಂದುಕೊಂಡರೆ ತಪ್ಪು. ಮುಗಿದದ್ದು ಅದರ ಏಟು ತಿಂದು ತಿಂದು ಸೋತ ಸತುವಿನ ಸಲ್ಫೈಡು. ರೇಡಿಯಂ ಅರ್ಧವಾಗಲು 1600 ವರ್ಷ ಬೇಕು. ಗಾಜು ಭದ್ರವಾಗಿರುವ ವಾಚನ್ನು ಪೆಟ್ಟಿಗೆಯಲ್ಲಿಡಿ, ಬಿಚ್ಚಲು ಹೋಗಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಇನ್ನು ಮಗಳ ಸೀಲಿಂಗಿನ ಬಣ್ಣ. ಗಡಿಯಾರಗಳಿಗೆ ಹೊಳೆಯುವ ಬಣ್ಣ ಒದಗಿಸುತ್ತಿದ್ದ ಜಪಾನಿನ ನೆಮೊಟೊ ಸಂಸ್ಥೆಯವರು, ವಿಕಿರಣವಿಲ್ಲದ ಬಣ್ಣವೇ ಬೇಕೆಂದು ಹುಡುಕಿ 1993ರಲ್ಲಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಪುಡಿಯನ್ನು ಸಿದ್ಧಮಾಡಿದರು. ಯುರೋಪಿಯಂ, ಡಿಸ್ಪ್ರೋಸಿಯಂ ಎಂಬ ಎರಡು ಧಾತುಗಳನ್ನು ಅದಕ್ಕೆ ಒಂದಿಷ್ಟು ಬೆರೆಸಿರುತ್ತಾರೆ. ದೀಪ ಬಿದ್ದಾಗ ಎಲೆಕ್ಟ್ರಾನುಗಳು ಹರಳಿನೊಳಗಿನ ಸಣ್ಣ ಸಣ್ಣ ಗುಂಡಿಗಳಲ್ಲಿ ಸಿಕ್ಕಿಬೀಳುತ್ತವೆ. ಕೋಣೆಯ ಬಿಸುಪಿಗೆ ಒಂದೊಂದಾಗಿ ಮೇಲೆದ್ದು ಬರುವಾಗ ಹಸಿರು ಬೆಳಕು ಬಿಡುತ್ತವೆ. ಹಳೆಯ ಸತುವಿನ ಪುಡಿಗಿಂತ ಸುಮಾರು ಹತ್ತು ಪಟ್ಟು ಪ್ರಖರ, ಹತ್ತು ಪಟ್ಟು ದೀರ್ಘ. ಹೆಸರು ಕೇಳಿ ಅಣುಬಾಂಬಿನ ಧೂಳಿನ ಸ್ಟ್ರಾನ್ಷಿಯಂ-90 ನೆನಪಾದರೆ ಹೆದರಬೇಡಿ. ಇದು ನೆಲದಲ್ಲಿ ಸಿಗುವ ಸಾಧಾರಣ ಸ್ಟ್ರಾನ್ಷಿಯಂ, ವಿಕಿರಣವಿಲ್ಲ. ಒಣಪುಡಿಯನ್ನು ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಒಳ್ಳೆಯದು, ಅಷ್ಟೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವರು ಹುಡುಗಿಯರ ಕಥೆಯ ಹತ್ತಿರವೇ ನಿಂತುಬಿಟ್ಟರು. "ಎಂಜಲು ಮಾಡ್ಬೇಡ್ರೇ ಅಂತ ಹೇಳೋಕೆ ಒಬ್ಬ ತಾಯೀನೂ ಇರ್ಲಿಲ್ವಾ ಅಲ್ಲಿ?" ಎಂದರು. ನಾನು ಮಾತಾಡಲಿಲ್ಲ. ಹಿಂದಿನ ಶನಿವಾರ ಅರುಂಧತಿಯ ಸಣ್ಣ ಚುಕ್ಕಿ ಇಡಲು ನಾನೇ ಬ್ರಷ್ಷನ್ನು ಬಾಯಿಗೆ ಒಯ್ದಿದ್ದೆ. ಶಾಲೆಯ ಡ್ರಾಯಿಂಗ್ ಪೀರಿಯಡ್ಡಿನ ಅಭ್ಯಾಸ.

ಮರುದಿನ ರಾತ್ರಿ ಅಮ್ಮ ಮೊಮ್ಮಗಳ ಪಕ್ಕ ಮಲಗಿ ಸೀಲಿಂಗ್ ನೋಡುತ್ತಾ, "ಲುಬ್ಧಕ ಬಂತು, ಅಗಸ್ತ್ಯ ಎಲ್ಲೋ?" ಎಂದು ಕೇಳಿದರು. ಶಿವರಾತ್ರಿಯ ಹೊತ್ತಿಗೆ ತಿಪಟೂರಿನಲ್ಲಿ ಕತ್ತಲಾದ ಮೇಲೆ ದಕ್ಷಿಣಕ್ಕೆ ತೆಂಗಿನ ತೋಟದ ಮೇಲೆ ಕಾಣುತ್ತದಲ್ಲ, ಅದು. ನ್ಯೂಜೆರ್ಸಿಯಲ್ಲಿ ಅಗಸ್ತ್ಯ ಎಂದೂ ಹುಟ್ಟುವುದಿಲ್ಲ. ನಾವು ಅಷ್ಟು ಉತ್ತರಕ್ಕೆ ಬಂದುಬಿಟ್ಟಿದ್ದೇವೆ. ಅದಕ್ಕೇ ಬರೆದಿರಲಿಲ್ಲ ಎಂದೆ. "ಹೂಂ, ವಿಂಧ್ಯ ದಾಟಿ ಹೋದೋನು ವಾಪಸ್ಸು ಬರ್ಲೇ ಇಲ್ವಂತೆ" ಎಂದು ಅಮ್ಮ ನನ್ನ ಕಡೆ ನೋಡಿದರು.

ಅವರು ಹೊರಡುವ ಮುಂಚೆ ಅಗಸ್ತ್ಯನನ್ನೂ ಬರೆದೆವು. ಸೀಲಿಂಗಿನಲ್ಲಿ ಅವನಿಗೆ ಜಾಗವಿಲ್ಲ. ಲೆಕ್ಕದ ಪ್ರಕಾರ ದಿಗಂತದ ಕೆಳಗಿರಬೇಕು. ಆದ್ದರಿಂದ ದಕ್ಷಿಣದ ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಎತ್ತರಕ್ಕೆ, ಅಮ್ಮನೇ ಬ್ರಷ್ ಹಿಡಿದು ದೊಡ್ಡ ಚುಕ್ಕಿ ಇಟ್ಟರು. ಮಂಚದ ಮರೆಯಿಂದಾಗಿ ಅಲ್ಲಿಗೆ ದೀಪದ ಬೆಳಕು ಬೀಳುವುದಿಲ್ಲ. ಮಗಳು ದಿನಾ ಮಲಗುವ ಮುಂಚೆ ಬಗ್ಗಿ ಕೂತು, ಟಾರ್ಚ್ ಹಿಡಿದು, ಐವತ್ತು ಎಣಿಸಿ ಅದನ್ನು ಬೆಳಗಿಸುತ್ತಾಳೆ.